ಹೊಗೆಯನ್ನು ಮಾತ್ರ ಕಂಡವರು

ಪರಿಸರದ ಬಗ್ಗೆ ಕಾಳಜಿಯುಳ್ಳವರ ನಡುವೆ ಒಂದು ವಾದ ಈಚಿನ ವರ್ಷಗಳಲ್ಲಿ ಬಲವಾಗಿ ಕೇಳಿಬರುತ್ತಿದೆ. ಹಳೆಯ ಉಗಿಬಂಡಿಗಳನ್ನು ದುರಸ್ತಿ ಮಾಡಿ ಮತ್ತೆ ಓಡಿಸುವ ಹವ್ಯಾಸಿಗಳು ಭೂಮಿಗೆ ದ್ರೋಹ ಬಗೆಯುತ್ತಿದ್ದಾರೆ. ಕಲ್ಲಿದ್ದಲನ್ನು ಕೈಬಿಡಲು ಜಗತ್ತು ಹೆಣಗುತ್ತಿರುವಾಗ ಬರಿಯ ಹಳಹಳಿಕೆಗಾಗಿ ಅದನ್ನು ಸುಡುವುದು ಅವಿವೇಕ. ಅಂಥ ಯಂತ್ರಗಳಿಗೆ ಇರುವುದು ಎರಡೇ ಜಾಗ, ಒಂದು ವಸ್ತುಸಂಗ್ರಹಾಲಯ, ಇನ್ನೊಂದು ಗುಜರಿ. ಇದು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅರ್ಧದಷ್ಟು ನಿಜವೂ ಹೌದು. ಪೂರ್ಣ ಸುಳ್ಳಾಗಿದ್ದರೆ ಅದನ್ನು ಉಪೇಕ್ಷಿಸಬಹುದಾಗಿತ್ತು.

ಈ ವಾದವನ್ನು ಒರೆಗೆ ಹಚ್ಚುವುದಕ್ಕೆ ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಗುಡ್ಡಗಾಡು ಸೀಮೆಯ ಒಂದು ಪುಟ್ಟ ರೈಲು ತಕ್ಕುದಾಗಿದೆ. ಟಾಲಿಲಿನ್ ರೈಲು ಎಂದು ಅದರ ಹೆಸರು. ಉದ್ದ ಸುಮಾರು 12 ಕಿಲೋಮೀಟರ್. ಹಳಿಗಳ ನಡುವಣ ಅಂತರ ಎರಡು ಅಡಿ ಮೂರು ಅಂಗುಲ ಮಾತ್ರ. ಬ್ರಿನ್ ಎಗ್ಲುಯಿಸ್ ಎಂಬ ಬೆಟ್ಟದ ಗಣಿಯಿಂದ ಸ್ಲೇಟು ಕಲ್ಲನ್ನು ಕಡಲತಡಿಯ ಟೌಯಿನ್ ಪಟ್ಟಣಕ್ಕೆ ಇಳಿಸಲು 1860ರ ದಶಕದಲ್ಲಿ ಅದನ್ನು ಕಟ್ಟಿದರು. ಮಲೆನಾಡಿನ ಮನೆಗಳಿಗೆ ಮಂಗಳೂರು ಹೆಂಚು ಹೇಗೋ ಹಾಗೆ ಅಲ್ಲಿನ ಮನೆಗಳ ಮಾಡಿಗೆ ಸ್ಲೇಟಿನ ಹಾಳೆ.

ಹಣ ಹಾಕಿದವರು ಮ್ಯಾಂಚೆಸ್ಟರಿನ ಹತ್ತಿ ಗಿರಣಿಯ ಒಡೆಯರು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಆಮದು ನಿಂತು, ಗಿರಣಿಗಳು ಬಡವಾದಾಗ ಅವರು ಬೇರೆ ವ್ಯಾಪಾರ ಹುಡುಕಿದ್ದರು. ಇದೇ ಹತ್ತಿಯ ಬರದ ದಿನಗಳಲ್ಲಿ ಧಾರವಾಡದ ಹತ್ತಿಯ ಮೇಲೆ ಇಂಗ್ಲೆಂಡಿನ ಕಣ್ಣು ಬಿತ್ತು. ಅದನ್ನು ಕಾರವಾರ ಬಂದರಿಗೆ ಸಾಗಿಸುವ ಅನುಕೂಲಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಎಲ್ಲಿಯೋ ನಡೆದ ಯುದ್ಧವೊಂದು ಸಹ್ಯಾದ್ರಿಯ ಘಟ್ಟಕ್ಕೂ ವೇಲ್ಸಿನ ಬೆಟ್ಟಕ್ಕೂ ಒಂದೇ ಕಾಲದಲ್ಲಿ ಕೈ ಹಾಕಿತ್ತು. ಎರಡು ಕಡೆಯೂ ಬೆಟ್ಟದವರನ್ನು ಯಾರೂ ಕೇಳಿರಲಿಲ್ಲ.

ಗಣಿ ಎಂದಿನಂತೆ ಉಬ್ಬಿತು, ಎಂದಿನಂತೆ ಸೊರಗಿತು. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಸರ್ ಹೇಡನ್ ಜೋನ್ಸ್ ಎಂಬ ಸ್ಥಳೀಯ ಸಂಸತ್ ಸದಸ್ಯರು, ತಾವು ಬದುಕಿರುವಷ್ಟು ಕಾಲ ರೈಲು ಓಡುವುದೆಂದು ಮಾತು ಕೊಟ್ಟರು. 1946ರ ಡಿಸೆಂಬರಿನಲ್ಲಿ ಗಣಿಯ ಒಳಮಾಡು ಕುಸಿದು ಗಣಿ ಮುಚ್ಚಿತು. ಮಾತು ಮಾತ್ರ ಉಳಿಯಿತು. ನಷ್ಟದಲ್ಲಿಯೇ ಬೇಸಿಗೆಯ ಕೆಲವು ದಿನ ಬಂಡಿ ಓಡುತ್ತಿತ್ತು. 1948ರಲ್ಲಿ ದೇಶದ ಬಹುತೇಕ ರೈಲುಗಳು ಸರ್ಕಾರದ ವಶವಾದಾಗಲೂ ಈ ರೈಲು ಪಟ್ಟಿಯಿಂದ ಹೊರಗೇ ಉಳಿಯಿತು. ಸರ್ಕಾರಕ್ಕೂ ಬೇಡವಾಯಿತು, ಮಾರುಕಟ್ಟೆಗೂ ಬೇಡವಾಯಿತು. 1950ರ ಜುಲೈಯಲ್ಲಿ ಸರ್ ಹೇಡನ್ ತೀರಿಕೊಂಡರು.

ಅದೇ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಹೋಟೆಲೊಂದರಲ್ಲಿ ಹತ್ತಾರು ಮಂದಿ ಸೇರಿದರು. ಕರೆ ಕೊಟ್ಟವರಲ್ಲಿ ಮುಖ್ಯರು ಟಾಮ್ ರೋಲ್ಟ್. ಇವರು ಹೊಗೆಯ ಮೋಹಕ್ಕೆ ಬಿದ್ದ ಹುಡುಗಾಟದ ಮನುಷ್ಯರಲ್ಲ ಎಂಬುದನ್ನು ಇಂದಿನ ಟೀಕಾಕಾರರು ತಿಳಿಯುವುದು ಒಳ್ಳೆಯದು. ವೃತ್ತಿಯಿಂದ ಎಂಜಿನಿಯರ್, ಪಾಳುಬಿದ್ದ ಕಾಲುವೆಗಳ ಉಳಿವಿಗಾಗಿ 1946ರಲ್ಲಿ ಸಂಘ ಕಟ್ಟಿದವರಲ್ಲಿ ಒಬ್ಬರು, ಯಂತ್ರನಾಗರಿಕತೆ ಮನುಷ್ಯನನ್ನೂ ನೆಲವನ್ನೂ ಎಲ್ಲಿಗೆ ಒಯ್ಯುತ್ತಿದೆ ಎಂದು ಪ್ರಶ್ನಿಸುವ ಅವರ ‘ಹೈ ಹಾರ್ಸ್ ರೈಡರ್‌ಲೆಸ್’ ಎಂಬ ಪುಸ್ತಕ 1947ರಲ್ಲಿಯೇ ಬಂದಿತ್ತು. ‘ಪರಿಸರವಾದ’ ಎಂಬ ಮಾತು ಬಳಕೆಗೆ ಬರುವ ಮೊದಲೇ ಆ ವಾದವನ್ನು ಬರೆದವರು ಮುದಿ ಎಂಜಿನೊಂದನ್ನು ಉಳಿಸಲು ಏಕೆ ಹೊರಟರು? ಹೊಗೆಯನ್ನು ಮಾತ್ರ ಕಾಣುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

1951ರ ಮೇ 14ರಂದು ಸಂಘದ ಮೊದಲ ಬಂಡಿ ಹೊರಟಿತು. ಅಂದು ಇದ್ದುದೇನು? ಹಳಿಯ ಕೆಳಗಿನ ಮರದ ದಿಮ್ಮಿಗಳು ಕೊಳೆತಿದ್ದವು. ಹಲವೆಡೆ ಹಳಿಯನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸಿದ್ದುದು ಹುಲ್ಲಿನ ಬೇರು. ಕೃಷಿಕರಿಗೆ ಇದು ಸೋಜಿಗವಲ್ಲ. ಅಡಕೆ ತೋಟದ ಕಾಲುವೆಯ ದಂಡೆಯನ್ನೂ ಎಷ್ಟೋ ಕಡೆ ಹುಲ್ಲೇ ಕಾಯುತ್ತದೆ. ಎಂಜಿನುಗಳು ಎರಡು: 1864ರ ‘ಟಾಲಿಲಿನ್’ ಮತ್ತು 1866ರ ‘ಡೋಲ್ಗೋಕ್’. ಮೊದಲನೆಯದು 1945ರಿಂದಲೇ ಮೂಲೆ ಸೇರಿತ್ತು. ಎರಡನೆಯದು, ಎಂಬತ್ತೈದರ ಮುದುಕಿ, ಆ ಬೇಸಿಗೆಯ ಹೊರೆಯನ್ನೆಲ್ಲ ಹೆಚ್ಚುಕಡಿಮೆ ಒಂಟಿಯಾಗಿ ಎಳೆಯಿತು.

ನೆರೆಯ ಕೋರಿಸ್ ಕಣಿವೆಯಲ್ಲಿ ಮುಚ್ಚಿಹೋಗಿದ್ದ ಇಂಥದೇ ರೈಲಿನಿಂದ ಎರಡು ಎಂಜಿನುಗಳನ್ನು ಕೊಂಡುತಂದರು. ಅದರಲ್ಲೊಂದು ಓಡಿಸಲು ಹೋದಾಗ ಮತ್ತೆ ಮತ್ತೆ ಹಳಿ ತಪ್ಪಿತು. ಎಂಜಿನ್ನೇ ಕೆಟ್ಟದ್ದೆಂದು ಬದಿಗೆ ಸರಿಸಿ ಮರೆತುಬಿಡುವುದು ಸುಲಭವಿತ್ತು. ಅಳತೆ ಮಾಡಿ ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಹಳೆಯ ಎಂಜಿನುಗಳ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ದೂರ ಹೆಚ್ಚು. ತಿರುವಿನಲ್ಲಿ ಅವು ಬಿಗಿಯದಿರಲೆಂದು ಹಿಂದಿನವರು ಹಳಿಗಳನ್ನೇ ಅರ್ಧ ಅಂಗುಲದಷ್ಟು ಅಗಲಿಸಿ ಹಾಸಿದ್ದರು! ಕಾಗದದ ಮೇಲಿನ ಅಳತೆ ಒಂದು, ನೆಲದ ಮೇಲಿನ ಅಳತೆ ಇನ್ನೊಂದು. ಗಾಲಿಯ ಪಟ್ಟಿ ಕಿರಿದಾಗಿದ್ದ ಹೊಸ ಎಂಜಿನು ಆ ಸಂದಿಗೆ ಜಾರುತ್ತಿತ್ತು. ಹಳ್ಳಿಯ ನಾಲ್ಕು ಜನ ಕೆಲಸಗಾರರ ತಲೆಯಲ್ಲಿದ್ದ ಈ ಬಗೆಯ ಜ್ಞಾನ ಯಾವ ದಫ್ತರಿನಲ್ಲಿಯೂ ಇರುವುದಿಲ್ಲ. ಯಂತ್ರ ಗುಜರಿಗೆ ಹೋದ ದಿನ ಅದೂ ಹೋಗುತ್ತದೆ.

ಇನ್ನು ಕಲ್ಲಿದ್ದಲಿನ ಲೆಕ್ಕ. ಉಗಿಯೆಂಜಿನು ದಕ್ಷತೆಯಲ್ಲಿ ದರಿದ್ರ ಯಂತ್ರವೆಂಬುದರಲ್ಲಿ ಎರಡು ಮಾತಿಲ್ಲ. ಒಲೆಗೆ ಹಾಕಿದ ಶಾಖದಲ್ಲಿ ನೂರಕ್ಕೆ ಏಳೆಂಟು ಪಾಲು ಗಾಲಿಗೆ ತಲುಪಿದರೆ ಅದೇ ಹೆಚ್ಚು. ಬ್ರಿಟನ್ನಿನಲ್ಲಿ ಇಂಥ ಪಾರಂಪರಿಕ ರೈಲುಗಳು ಇಂದು ನೂರಕ್ಕೂ ಮಿಕ್ಕಿ ಇವೆ. ಅವೆಲ್ಲ ಕೂಡಿ ವರ್ಷಕ್ಕೆ ಸುಡುವ ಕಲ್ಲಿದ್ದಲಿನ ಅಂದಾಜು 30 ಸಾವಿರ ಟನ್ನಿನ ಆಸುಪಾಸಿನಲ್ಲಿದೆ. ರಾಯಚೂರು ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅದು ಪೂರ್ಣ ಶಕ್ತಿಯಲ್ಲಿ ಓಡಿದರೆ ದಿನಕ್ಕೆ ನಾಲ್ಕು ಕೋಟಿಗೂ ಹೆಚ್ಚು ಯೂನಿಟ್. ಯೂನಿಟ್ಟಿಗೆ 650 ಗ್ರಾಂ ಎಂದು ಹಿಡಿದರೂ ದಿನಕ್ಕೆ ಸುಮಾರು 27 ಸಾವಿರ ಟನ್. ಅಂದರೆ ಒಂದಿಡೀ ದೇಶದ ಉಗಿಬಂಡಿಗಳ ಒಂದು ವರ್ಷದ ಆಹಾರ ರಾಯಚೂರಿಗೆ ಒಂದು ದಿನದ ಊಟಕ್ಕಿಂತ ತುಸು ಮಾತ್ರ ಹೆಚ್ಚು. ಆ ಊಟದ ಪಾಲು ಬೆಂಗಳೂರಿನ ಗಾಜಿನ ಕಟ್ಟಡಗಳ ತಂಪಿಗೂ ಸಲ್ಲುತ್ತದೆ ಎಂಬುದನ್ನು ಮರೆಯದಿರೋಣ.

ದೊಡ್ಡ ಪಾಪವನ್ನು ತೋರಿಸಿ ಸಣ್ಣ ಪಾಪವನ್ನು ಮನ್ನಿಸುವುದು ತರವಲ್ಲ. ಆದರೆ ಕಣ್ಣಿಗೆ ಕಾಣುವ ಹೊಗೆಯನ್ನು ಹಿಡಿದು, ಕಾಣದ ಹೊಗೆಯನ್ನು ಬಿಡುವುದು ಅದಕ್ಕಿಂತ ತಪ್ಪು. ಟೌಯಿನ್ನಿಗೆ ನೂರಾರು ಮೈಲಿ ಕಾರಿನಲ್ಲಿ ಬಂದು ಬಂಡಿ ಹತ್ತುವವರ ಕುಟುಂಬವೊಂದರ ಇಂಗಾಲದ ಲೆಕ್ಕ ಹಾಕಿದರೆ ಎಂಜಿನಿನ ಪಾಲು ಸಣ್ಣದು, ಕಾರಿನ ಪಾಲು ದೊಡ್ಡದು. ಆ ಕಾರನ್ನು ಯಾವ ಟೀಕಾಕಾರರೂ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ ಎಂದು ಹೇಳಿದಂತಿಲ್ಲ.

ಅಷ್ಟಕ್ಕೂ ಅಲ್ಲಿ ಉಳಿಯುತ್ತಿರುವುದು ಎಂಜಿನೊಂದೇ ಅಲ್ಲ. ಉಗಿಬಂಡಿಯ ಬಾಯ್ಲರನ್ನು ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಬೇಕು. ಹೊಗೆ ಹಾಯುವ ಕೊಳವೆಗಳನ್ನು ಒಂದೊಂದಾಗಿ ಹೊರಗೆಳೆಯಬೇಕು. ಒಲೆಗೂಡಿನ ತಗಡು ತೆಳುವಾದುದೆಲ್ಲಿ, ಅದನ್ನು ಹೊರಕವಚಕ್ಕೆ ಬಿಗಿದ ಸಾಲುಸಾಲು ಕಂಬಿಗಳಲ್ಲಿ ಮುರಿದುದು ಯಾವುದು, ಗಡಸು ನೀರಿನ ಹಕ್ಕಳೆ ಎಲ್ಲಿ ಕಟ್ಟಿದೆ, ಇವನ್ನೆಲ್ಲ ಕೈಯಿಂದ ಮುಟ್ಟಿ, ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದ ಗುರುತಿಸಬೇಕು. ಮೊದಲು ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷೆ. ಅದರಲ್ಲಿ ಗೆದ್ದ ಮೇಲೆಯೇ ಬೆಂಕಿ. ಬೆಂಕಿಯನ್ನೂ ಅವಸರದಲ್ಲಿ ಹೊತ್ತಿಸುವಂತಿಲ್ಲ. ತಣ್ಣಗಿನ ಬಾಯ್ಲರು ಒಮ್ಮೆಲೇ ಕಾದರೆ ಬೆಸುಗೆಗಳು ಬಿಡುತ್ತವೆ. ಬಂಡಿ ಹೊರಡುವುದಕ್ಕೆ ಗಂಟೆಗಟ್ಟಲೆ ಮೊದಲು ಒಬ್ಬರು ಎದ್ದು ಒಲೆಯ ಮುಂದೆ ಕೂರಬೇಕು. ಅಡಕೆ ಬೇಯಿಸುವ ಹಂಡೆಯ ಮುಂದೆ ರಾತ್ರಿ ಕಳೆದವರಿಗೆ ಈ ಕಾಯುವಿಕೆಯ ಬೆಲೆ ಗೊತ್ತು.

ಭಾರೀ ಕೆಲಸಗಳು ಹೊರಗಿನ ಕಾರ್ಖಾನೆಗೂ ಹೋಗುತ್ತವೆ, ಸಂಬಳದ ನೌಕರರೂ ಇದ್ದಾರೆ. ಎಲ್ಲವೂ ಪುಕ್ಕಟೆ ಸೇವೆಯಿಂದಲೇ ಆಯಿತೆಂಬ ಪುರಾಣ ಬೇಡ. ‘ಟಾಲಿಲಿನ್’ ಎಂಜಿನನ್ನು 1957ರಲ್ಲಿ ಕಾರ್ಖಾನೆಗೆ ಕಳುಹಿಸಿ ಮರುವರ್ಷ ಬರಮಾಡಿಕೊಂಡರು. ‘ಡೋಲ್ಗೋಕ್’ 1954ರಲ್ಲಿ ಕಳಚಿದ್ದು, ಮತ್ತೆ ಹಳಿಗೆ ಬಂದದ್ದು 1963ರಲ್ಲಿ. ಒಂಬತ್ತು ವರ್ಷ! ಹಣ ಬಂದಾಗ ಕೆಲಸ, ಇಲ್ಲದಾಗ ಕಾಯುವುದು. ಕೆಟ್ಟ ಮಿಕ್ಸಿಯನ್ನು ‘ರಿಪೇರಿಗಿಂತ ಹೊಸದೇ ಅಗ್ಗ’ ಎಂದು ಹಿಂದಿರುಗಿಸುವ ಕಾಲದಲ್ಲಿ ಈ ತಾಳ್ಮೆಯೇ ಒಂದು ಪ್ರತಿಭಟನೆ. ಮಲೆನಾಡಿನ ಎಷ್ಟು ಊರುಗಳಲ್ಲಿ ಇಂದು ಕುಲುಮೆಯ ಬೆಂಕಿ ಇದೆ? ಕಲಾಯಿ ಹಾಕುವವರು ಕೊನೆಯ ಬಾರಿ ಬಂದದ್ದು ಯಾವ ವರ್ಷ? ಕತ್ತಿಗೆ ಹಿಡಿ ಹಾಕಿಸಲು ಪೇಟೆಗೆ ಬಸ್ಸು ಹತ್ತುವ ರೈತನಿಗೆ ದುರಸ್ತಿಯ ವಿದ್ಯೆಯೂ ಪರಿಸರದ ಪ್ರಶ್ನೆಯೆಂದು ಯಾರು ಹೇಳಬೇಕು?

ಜೀರ್ಣೋದ್ಧಾರ ಎಂಬ ಮಾತು ಕನ್ನಡದಲ್ಲಿ ಇದೆ. ಅದರ ಅರ್ಥ ಕೆಟ್ಟಿದೆ. ಊರಿನ ಹಳೆಯ ಗುಡಿಯ ಮರದ ಕಂಬ, ಹೆಂಚಿನ ಮಾಡು ಕಿತ್ತು, ಕಾಂಕ್ರೀಟು ಸುರಿದು, ನೆಲಕ್ಕೆ ಹೊಳೆಯುವ ಟೈಲು ಹಾಸಿ, ದಾನಿಗಳ ಹೆಸರಿನ ಫಲಕ ನಿಲ್ಲಿಸಿದರೆ ಅದು ಜೀರ್ಣೋದ್ಧಾರ. ಉಗಿಬಂಡಿಗಳ ಪಾಡೂ ಅದೇ. ಭಾರತದ ಅದೆಷ್ಟೋ ನಿಲ್ದಾಣಗಳ ಮುಂದೆ ಕಟ್ಟೆ ಕಟ್ಟಿ, ಎಂಜಿನನ್ನು ಏರಿಸಿ, ಥಳಥಳ ಬಣ್ಣ ಬಳಿದು ನಿಲ್ಲಿಸಲಾಗಿದೆ. ಬಣ್ಣದ ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ. 1979ರಿಂದ ಇರುವ ಮೈಸೂರಿನ ರೈಲು ಸಂಗ್ರಹಾಲಯದಂಥವು ಬೆಲೆಯುಳ್ಳವೇ. ಆದರೆ ನಿಂತ ಯಂತ್ರ ಯಾರಿಗೂ ಕೆಲಸ ಕಲಿಸುವುದಿಲ್ಲ. ‘ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ’ ಎನ್ನುವವರು ಇದನ್ನು ಬಲ್ಲರೆ?

ಉಗಿಬಂಡಿಯ ಪ್ರೇಮಿಗಳಿಗೂ ಹೇಳಬೇಕಾದುದು ಉಂಟು. ಸಂಘ ಹುಟ್ಟಿದ್ದು ವೇಲ್ಸಿನ ಬೆಟ್ಟದಲ್ಲಲ್ಲ, ಇಂಗ್ಲೆಂಡಿನ ನಗರದಲ್ಲಿ. ಬೆಟ್ಟದವರ ಭಾಷೆ ಬೇರೆ. ಅವರ ಅನ್ನದ ಗಣಿ ಮುಚ್ಚಿತ್ತು. ಸ್ಲೇಟು ಗಣಿಗಳಲ್ಲಿ ಒಂದು ಟನ್ ಒಳ್ಳೆಯ ಕಲ್ಲಿಗೆ ಹತ್ತು ಟನ್ನಿನಷ್ಟು ತ್ಯಾಜ್ಯ ಗುಡ್ಡೆ ಬೀಳುತ್ತಿತ್ತು; ಸೀಳುವಾಗ ಏಳುವ ದೂಳು ಕಾರ್ಮಿಕರ ಶ್ವಾಸಕೋಶವನ್ನು ತಿನ್ನುತ್ತಿತ್ತು. ಹೊಳೆವ ಹಿತ್ತಾಳೆ, ಸಿಳ್ಳು, ಬಿಳಿಯುಗಿ, ಇವುಗಳ ಚಂದದಲ್ಲಿ ಆ ಕೆಮ್ಮು ಕೇಳದೇ ಹೋಗಬಾರದು. 2021ರಲ್ಲಿ ಯುನೆಸ್ಕೋ ವಾಯವ್ಯ ವೇಲ್ಸಿನ ಸ್ಲೇಟು ಭೂಮಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ರೈಲಿನ ಜೊತೆಗೆ ಬ್ರಿನ್ ಎಗ್ಲುಯಿಸ್ ಗಣಿಯನ್ನೂ, ಗಣಿಗಾರರು ಬಾಳಿದ ಅಬರ್‌ಗಿನೋಲ್ವಿನ್ ಹಳ್ಳಿಯನ್ನೂ ಒಟ್ಟಿಗೇ ಎಣಿಸಿತು. ಅದು ಸರಿಯಾದ ಎಣಿಕೆ. ವಾರಾಂತ್ಯಕ್ಕೆ ಜೀಪುಗಳಲ್ಲಿ ಬಂದು ಘಟ್ಟದ ‘ಸೌಂದರ್ಯ’ವನ್ನು ಹೊಗಳಿ ಹೋಗುವವರನ್ನು ಕಂಡ ಮಲೆನಾಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಆ ರೈಲುಗಳ ಮುಂದೆ ಕಠಿಣ ಪ್ರಶ್ನೆಯೊಂದು ನಿಂತಿದೆ. ಉಗಿಗೆ ಹೇಳಿ ಮಾಡಿಸಿದ ಕಲ್ಲಿದ್ದಲು ಕೊಡುತ್ತಿದ್ದ ವೇಲ್ಸಿನ ಫೋಸ್-ಇ-ಫ್ರಾನ್ ಗಣಿ 2023ರ ನವೆಂಬರಿನಲ್ಲಿ ಮುಚ್ಚಿತು. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ನಿಂತಿತು. ಇವೆರಡೂ ಆಗಬೇಕಾದುವೇ. ಹೊರದೇಶದ ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಿ ‘ಪರಂಪರೆ’ ಎಂದು ಸುಡುತ್ತಾ ಕೂರುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ, ಹುಡುಕಲೂಬಾರದು. ಸಸ್ಯತ್ಯಾಜ್ಯ ಬೆರೆಸಿದ ಉಂಡೆಗಳನ್ನು ಕೆಲವು ರೈಲುಗಳು ಪರೀಕ್ಷಿಸಿ ನೋಡುತ್ತಿವೆ. ಅವು ಉರಿಯುವ ಬಗೆ ಬೇರೆ, ಬೂದಿ ಬೇರೆ. ಒಲೆ ಹಾಕುವವರು ಕಲಿತುದನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಕಲಿಯುತ್ತಿದ್ದಾರೆ.

ಟಾಲಿಲಿನ್ ಹಳಿಯ ಮೇಲೆ ‘ಟಾಮ್ ರೋಲ್ಟ್’ ಎಂಬ ಹೆಸರಿನ ಎಂಜಿನೊಂದಿದೆ. ಐರ್ಲೆಂಡಿನ ಸರ್ಕಾರಿ ಸಂಸ್ಥೆಯೊಂದು ತನ್ನ ಜವುಗು ನೆಲಗಳಲ್ಲಿ, ಅಲ್ಲಿಯದೇ ಪೀಟ್ ಮಣ್ಣನ್ನು ಉರಿಸಿ ಓಡಿಸಲೆಂದು 1949ರಲ್ಲಿ ಮಾಡಿಸಿದ ಯಂತ್ರ ಅದು. ಅಲ್ಲಿ ಬೇಡವಾದ ಮೇಲೆ 1969ರಲ್ಲಿ ಇಲ್ಲಿಗೆ ಬಂತು. ಅದರ ಭಾಗಗಳಿಂದ ಈ ಕಿರಿದಾದ ಹಳಿಗೆ ಹೊಂದುವ ಹೊಸ ಎಂಜಿನನ್ನು ಕಟ್ಟಿ ಮುಗಿಸಿದ್ದು 1991ರಲ್ಲಿ, ಇಪ್ಪತ್ತೆರಡು ವರ್ಷಗಳ ನಂತರ. ಅದನ್ನು ಮಾಡಿಸಿದ್ದ ಸಂಸ್ಥೆಯೇ 2021ರಲ್ಲಿ ಪೀಟ್ ಅಗೆಯುವುದನ್ನು ನಿಲ್ಲಿಸಿತು. ಎಂಜಿನು ಒಮ್ಮೆ ಇಂಧನ ಬದಲಿಸಿಕೊಂಡಿದೆ.