ಕಾರಿಲ್ಲದ ಸಂಸಾರಕ್ಕೆ ದಾರಿ ಯಾವುದು?

ಕಾರನ್ನು ಮಾರಿ, ಬಸ್ಸು, ಮೆಟ್ರೋ, ಸೈಕಲ್ಲುಗಳಲ್ಲೇ ಹೆಂಡತಿ ಮಕ್ಕಳೊಡನೆ ಸಂಸಾರ ತೂಗಿಸಬಹುದೇ ಎಂದು ಬೆಂಗಳೂರಿನ ಸ್ಥಿತಿವಂತರಲ್ಲಿ ಕೆಲವರು ವಿಚಾರ ಮಾಡುತ್ತಿದ್ದಾರೆ. ಮಾಡಲಿ, ಒಳ್ಳೆಯದೇ. ಆದರೆ ಹಗರಿಬೊಮ್ಮನಹಳ್ಳಿಯ ಗಿರಣಿ ಕಾರ್ಮಿಕನಿಗೂ ಸಂತೆಯಲ್ಲಿ ಗಂಟು ಬಿಚ್ಚುವ ವ್ಯಾಪಾರಿಗೂ ಇದು ವಿಚಾರವಲ್ಲ, ಹುಟ್ಟಿದಂದಿನಿಂದ ನಡೆದುಬಂದ ಬಾಳು. 2011ರ ಜನಗಣತಿಯಲ್ಲಿ ದೇಶದ ನೂರು ಸಂಸಾರಗಳ ಪೈಕಿ ಕಾರು, ಜೀಪು, ವ್ಯಾನು ಇದ್ದವು ಐದೂ ತುಂಬಲಿಲ್ಲ. ಸೈಕಲ್ಲು ಇದ್ದವು ಸುಮಾರು 45. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕಾರುಳ್ಳವರು ನೂರಕ್ಕೆ ಹತ್ತನ್ನು ಮುಟ್ಟಲಿಲ್ಲ. ಹೀಗಿರುವಾಗ ರಸ್ತೆ ಅಗಲ ಮಾಡುವುದು ಯಾರಿಗಾಗಿ?

ಹೊಸಪೇಟೆಯಿಂದ ಹರಪನಹಳ್ಳಿಗೆ ಹೋಗುವ ರಸ್ತೆ ನಮ್ಮ ಊರಿನ ನಡುವೆಯೇ ಹಾಯುತ್ತದೆ. ಲಾರಿಯೂ ಅದರಲ್ಲೇ, ಶಾಲೆಗೆ ಹೋಗುವ ಮಗುವೂ ಅದರಲ್ಲೇ. ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ ಕೊಟ್ಟು ಕೈಮುಗಿಯುವ ಜನ ನಾವು. ಉಳಿದ ದಿನಗಳಲ್ಲಿ ನಡೆಯುವವನನ್ನು ಕಂಡರೆ ಹಾರ್ನು ಒತ್ತುತ್ತೇವೆ!

ನಡೆದು ಮುಗಿಯದ ದಾರಿಗೆ ಬಸ್ಸು, ರೈಲು ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಕೂಲಿಗೆ, ಆಸ್ಪತ್ರೆಗೆ, ತವರಿಗೆ ಗಂಡನ ಕಿಸೆ ನೋಡದೆ ಹೋಗುವಂತಾಯಿತು. ಇದನ್ನು ಹಳಿಯುವವರ ಜೊತೆ ನಾವು ಸೇರುವುದಿಲ್ಲ. ಆದರೆ ಟಿಕೀಟು ಪುಕ್ಕಟೆಯಾದರೆ ಸಾಲದು, ಗಾಡಿ ಬರಬೇಕು. 2025ರ ಜನವರಿಯಲ್ಲಿ ದರ ನೂರಕ್ಕೆ 15ರಷ್ಟು ಏರಿತು. ಗಂಡಸು ಹೆಚ್ಚು ಕೊಟ್ಟೂ ಬಾಗಿಲಿಗೆ ಜೋತುಬಿದ್ದು ಹೋಗಬೇಕೆಂದರೆ ಅದು ನ್ಯಾಯವೇ? ಎರಡನೆಯ ಪಾಳಿ ಬಿಟ್ಟ ಕಾರ್ಮಿಕನಿಗೆ ರಾತ್ರಿ ಬಸ್ಸಿಲ್ಲದಿದ್ದರೆ ಅವನು ಕಂತಿನ ಮೇಲೆ ಮೋಟಾರ್ ಸೈಕಲ್ಲು ತರುತ್ತಾನೆ. ಅದು ಶೋಕಿಯಲ್ಲ, ಗತಿಯಿಲ್ಲದ ಸಾಲ. ಆ ಕಂತಿನ ಹಣ ಮಕ್ಕಳ ಹಾಲಿನಿಂದಲೇ ಹೋಗುತ್ತದೆ.

ರೈಲಿನ ಕತೆ ನಮ್ಮವರಿಗೆ ಗೊತ್ತೇ ಇದೆ. ಕೊಟ್ಟೂರಿನ ಹಳಿ ಬ್ರಾಡ್ ಗೇಜಾಗಿ ಹರಿಹರವನ್ನು ಮುಟ್ಟಿದ ಮೇಲೂ ಪ್ಯಾಸೆಂಜರ್ ಗಾಡಿಗಾಗಿ ಜನ ಕಾಯಬೇಕಾಯಿತು, ಕೂಗಬೇಕಾಯಿತು. 2019ರಲ್ಲಿ ಹೊಸಪೇಟೆ–ಹರಿಹರ ಗಾಡಿ ಬಂತು. ತಾನಾಗಿ ಬರಲಿಲ್ಲ ಎಂಬುದನ್ನು ಮರೆಯಬಾರದು.

2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ದೊಡ್ಡ ಸುದ್ದಿಯಾಯಿತು. ಸೈಕಲ್ಲಿನದೂ 12ರಿಂದ 5ಕ್ಕೆ ಇಳಿಯಿತೆಂದು ಎಷ್ಟು ಜನಕ್ಕೆ ಗೊತ್ತು? ಎಂಟನೆಯ ತರಗತಿಯ ಮಕ್ಕಳಿಗೆ 2006-07ರಿಂದ ಸರಕಾರ ಕೊಡುತ್ತಿದ್ದ ಸೈಕಲ್ಲು ಕೊರೋನಾ ಕಾಲಕ್ಕೆ ನಿಂತಿತು. ದೂರದ ಹಳ್ಳಿಯ ಹುಡುಗಿ ಹೈಸ್ಕೂಲು ಮುಟ್ಟಿದ್ದೇ ಆ ಸೈಕಲ್ಲಿನಿಂದ. ಅತ್ತ ಮದುವೆ ಮಾತುಕತೆಯಲ್ಲಿ ವರನಿಗೆ ಕಾರು ಕೇಳುವ ಚಾಳಿ ಬಡವರ ಮನೆಗೂ ಹಬ್ಬುತ್ತಿದೆ. ಈ ಪಿಡುಗನ್ನು ಕುರಿತು ಇನ್ನೊಮ್ಮೆ ಬರೆಯುವೆವು.

ಸಣ್ಣ ವ್ಯಾಪಾರಿ ಬಾಂಧವರಿಗೆ ಒಂದು ಮಾತು, ಕಹಿಯಾದರೂ ಹೇಳಲೇಬೇಕು. ಫುಟ್‌ಪಾತು ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಗಡಿ ಇದ್ದವರು ಮೂಟೆ, ಡಬ್ಬ, ಬೋರ್ಡು ಹೊರಗಿಟ್ಟರೆ ಕೂಸನ್ನೆತ್ತಿಕೊಂಡ ತಾಯಿ ಲಾರಿಯ ಗಾಲಿಯ ಕಡೆಗೆ ಇಳಿಯಬೇಕಾಗುತ್ತದೆ. ಅವಳೇ ನಿಮ್ಮ ಗಿರಾಕಿ. ನಡೆದು ಬರುವವರು ನಿಂತು ನೋಡಿ ಅರ್ಧ ಕಿಲೋ ಬೆಲ್ಲವನ್ನಾದರೂ ಕೊಳ್ಳುತ್ತಾರೆ. ಕಾರಿನವರು ಹೊಸಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತಾರೆ. ಇನ್ನು ತಳ್ಳುಗಾಡಿಯವರ ಮಾತು ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರಿಗೆ ರಕ್ಷಣೆ ಕೊಟ್ಟಿದೆ. ಫುಟ್‌ಪಾತಿನ ನೆಪ ಹೇಳಿ ಅವರ ತಕ್ಕಡಿ ಎತ್ತಿಕೊಂಡು ಹೋಗುವುದನ್ನು ನಾವು ಒಪ್ಪುವುದಿಲ್ಲ. ಮೊದಲು ಜಾಗ ಗೊತ್ತುಮಾಡಿ ಕೊಡಲಿ.

ಪುರಸಭೆಯನ್ನು ನಾವು ಕೇಳುವುದಿಷ್ಟು: ಬಸ್ ನಿಲ್ದಾಣದಿಂದ ಶಾಲೆಗಳವರೆಗೂ ಆಸ್ಪತ್ರೆಯವರೆಗೂ ಕೂಸಿನ ಕೈಹಿಡಿದು ನಿರ್ಭಯವಾಗಿ ನಡೆಯಬಲ್ಲ ಫುಟ್‌ಪಾತು, ಅದಕ್ಕೆ ಬಜೆಟ್ಟಿನಲ್ಲಿ ಬೇರೆಯೇ ಹಣ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದವರನ್ನು ಕೇಳುವುದು: ಪಾಳಿ ಬಿಡುವ ಹೊತ್ತಿಗೆ ಹಳ್ಳಿಗಳ ಕಡೆಗೆ ರಾತ್ರಿ ಬಸ್ಸು. ಯಾವ ಹಳ್ಳಿಗೆ, ಎಷ್ಟು ಗಂಟೆಗೆ, ಎಷ್ಟು ಜನ ಎಂಬುದನ್ನು ಕಾರ್ಮಿಕರೇ ಪಟ್ಟಿ ಮಾಡಿ, ಸಹಿ ಹಾಕಿ ನಮ್ಮ ಕಚೇರಿಗೆ ತಲುಪಿಸಿದರೆ ನಾವು ಹೊಸಪೇಟೆಯ ವಿಭಾಗೀಯ ಕಚೇರಿಗೆ ಒಯ್ಯುತ್ತೇವೆ.