ಚೊಗರು ಹಂಡೆಯಲ್ಲಿ ಹುಟ್ಟುವುದಿಲ್ಲ



ಅಡಿಕೆ ಸುಗ್ಗಿ ಬಂದಿತೆಂದರೆ ನಮ್ಮ ಅಂಗಳಗಳಲ್ಲಿ ಕೇಳಿಬರುವ ದೂರು ಒಂದೇ: “ಈ ವರ್ಷ ಅಡಿಕೆಗೆ ಬಣ್ಣ ಕೂಡಲಿಲ್ಲ.” ಬೇಯಿಸಿದವನನ್ನು ಬೈಯುತ್ತೇವೆ, ಹಸಿ ಸೌದೆಯನ್ನು ಬೈಯುತ್ತೇವೆ, ಮೋಡವನ್ನೂ ಬಿಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬಣ್ಣದ ವಿಷಯ ಮುಕ್ಕಾಲು ಪಾಲು ತೀರ್ಮಾನವಾಗುವುದು ಕೊನೆ ಇಳಿಸಿದ ದಿನವೇ. ಹಂಡೆಯ ಪಾಲು ಉಳಿದ ಕಾಲು ಮಾತ್ರ.

ಗಿಡವು ತನ್ನ ಬೆಳವಣಿಗೆಗೆ ಬೇಕಾದ ಪಿಷ್ಟ, ಸಸಾರಜನಕಗಳಲ್ಲದೆ ಇನ್ನೂ ಕೆಲವು ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಕಾಫಿಯ ಕೆಫೀನ್, ಮೆಣಸಿನ ಪೈಪರಿನ್, ಅಡಿಕೆಯ ಚೊಗರು ಅಂದರೆ ಟ್ಯಾನಿನ್, ಇವೆಲ್ಲ ಆ ಬಗೆಯವು. ಹುಳು, ಪ್ರಾಣಿ, ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ಗಿಡಕ್ಕೆ ಇವು ಆಯುಧ. ಇವುಗಳ ಪ್ರಮಾಣದ ಮೇಲೆ ಜಾತಿ, ಬಿಸಿಲು, ನೀರು, ಗೊಬ್ಬರ ಎಲ್ಲವೂ ಪ್ರಭಾವ ಬೀರುತ್ತವೆ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 1.2ರಷ್ಟಿದ್ದರೆ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅದು ಜಾತಿಯ ಗುಣ, ನಾವು ತಿಪ್ಪರಲಾಗ ಹಾಕಿದರೂ ಬದಲಾಗದು.

ಅಡಿಕೆಯ ಚೊಗರಿನಲ್ಲಿ ಮಾತ್ರ ಕಾಯಿ ಎಷ್ಟು ಬಲಿತಿದೆ ಎಂಬುದೇ ಯಜಮಾನ. ಎಳೆಯ ಅಡಿಕೆಯಲ್ಲಿ ಒಣತೂಕದ ಶೇಕಡಾ 17ರಿಂದ 30ರವರೆಗೆ ಇರುವ ಈ ಒಗರಿನ ಅಂಶ ಹಣ್ಣಾಗುವ ಹೊತ್ತಿಗೆ 11ರಿಂದ 18ಕ್ಕೆ ಇಳಿಯುತ್ತದೆ. ಬೀಜ ಬಲಿಯುವವರೆಗೆ ಯಾರೂ ಮುಟ್ಟದಂತೆ ಮರ ಕಾದುಕೊಂಡಿತು, ಬಲಿತ ಮೇಲೆ ಬಿಗಿ ಸಡಿಲಿಸಿತು, ಅಷ್ಟೇ. ಆದ್ದರಿಂದ ಹಣ್ಣಡಿಕೆಯನ್ನು ಎಷ್ಟು ಹೊತ್ತು ಬೇಯಿಸಿದರೂ ನೀರಿಗೆ ಬರುವ ಚೊಗರು ಕಡಿಮೆ. ಚಾಲಿ ಮಾಡುವವರಿಗೆ ಈ ಚಿಂತೆಯಿಲ್ಲ, ಅವರಿಗೆ ಹಣ್ಣೇ ಬೇಕು. ಕೆಂಪಡಿಕೆ ಮಾಡುವ ನಮಗೆ ಹದ ತಪ್ಪಿದ ಹದಿನೈದು ದಿನವೆಂದರೆ ರಾಶಿ ಆಗಬೇಕಾದದ್ದು ಗೊರಬಲು ಆದಂತೆ.

ನನ್ನದು ಒಂದೂವರೆ ಎಕರೆ ತೋಟ. ಕೆಲವು ವರ್ಷಗಳ ಹಿಂದೆ ಕೊನೆಗೌಡ ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಾ ಮೂರು ವಾರ ಕಳೆದುಬಿಟ್ಟ. ಅವನದೂ ತಪ್ಪೆನ್ನಲಾರೆ; ನೂರಾರು ಮರದವನಿಗಿಂತ ಸಾವಿರಾರು ಮರದವನ ಕರೆ ಜೋರಾಗಿಯೇ ಕೇಳುತ್ತದೆ. ಕಡೆಗೆ ಇಳಿಸಿದಾಗ ಅರ್ಧಕ್ಕರ್ಧ ಹಣ್ಣು. ಪಕ್ಕದ ಮನೆಯಿಂದ ಚೊಗರು ಕಡ ತಂದು ಹಾಕಿದರೂ ಅಡಿಕೆ ಮಂಕಾಗಿಯೇ ಉಳಿಯಿತು. ಆಗ ವ್ಯಾಪಾರಿಯೊಬ್ಬರು ಕೆಂಪು ಪುಡಿಯ ಪೊಟ್ಟಣ ತಂದು, “ಒಂದು ಚಮಚ ಹಾಕಿ ಸ್ವಾಮಿ, ಎಲ್ಲರೂ ಹಾಕುತ್ತಾರೆ” ಎಂದರು. ನನ್ನ ಮನೆಯವಳು ಕೇಳಿದ್ದು ಒಂದೇ ಮಾತು: “ಆಮೇಲೆ ಆ ಅಡಿಕೆಯನ್ನು ನೀವು ಬಾಯಿಗೆ ಹಾಕ್ತೀರಾ?” ಪೊಟ್ಟಣ ವಾಪಸು ಹೋಯಿತು, ದರವೂ ಹೋಯಿತು.

ಈ ಪುಡಿಯ ವಿಷಯವನ್ನು ನಾವು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ದೊಡ್ಡ ಪ್ರಶ್ನೆ ನಮ್ಮ ತಲೆಯ ಮೇಲೆ ತೂಗುತ್ತಿರುವಾಗ, ಮರ ಕೊಡದ ಬಣ್ಣವನ್ನು ನಮ್ಮ ಕೈಯಾರೆ ಬಳಿದು ಇನ್ನೊಂದು ಆಪಾದನೆಯನ್ನು ಮೈಮೇಲೆ ಎಳೆದುಕೊಳ್ಳುವುದು ಯಾವ ಜಾಣತನ?

ಇನ್ನು ಅದೇ ತೋಟದ ಕಾಫಿಗೆ ಲೆಕ್ಕ ತಿರುವುಮುರುವು. ಅಡಿಕೆಯಲ್ಲಿ ಬೇಕಾದ ಒಗರು ಕಾಫಿಯಲ್ಲಿ ಬೇಡ. ಹಸಿರುಕಾಯಿ ಸೇರಿಸಿ ಕೊಯ್ದರೆ ಲೋಟದಲ್ಲಿ ಒಗರೇ ಬರುತ್ತದೆ. ಹಣ್ಣನ್ನೇ ಆರಿಸಿ ಕೊಯ್ಯಬೇಕು. ಮೆಣಸಿನ ಹದ ಮತ್ತೂ ಬೇರೆ. ಒಣಮೆಣಸಿಗಾದರೆ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುವವರೆಗೆ ಕಾಯುತ್ತೇವೆ. ಎಣ್ಣೆ ತೆಗೆಯುವವರಿಗಾದರೆ ಪೂರ್ತಿ ಬಲಿಯುವುದಕ್ಕೆ 15-20 ದಿನ ಮೊದಲೇ ಕೊಯ್ಯಬೇಕೆಂದು ತಜ್ಞರು ಹೇಳುತ್ತಾರೆ. ಒಂದೇ ತೋಟದಲ್ಲಿ ಮೂರು ಗಡಿಯಾರ, ಕೊಯ್ಯುವ ಕೈಗಳು ಮಾತ್ರ ನಾಲ್ಕು.

ಗೊಬ್ಬರ, ಔಷಧಿಗಳ ಬಗ್ಗೆ ನಮ್ಮ ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಹದಕ್ಕೆ ಸರಿಯಾಗಿ ಕೊಯ್ಯುವ ವ್ಯವಸ್ಥೆಯನ್ನು ಮಾತ್ರ ಪ್ರತಿಯೊಬ್ಬನ ಹಣೆಬರಹಕ್ಕೆ ಬಿಟ್ಟಿದ್ದೇವೆ. ಸಂಘವೇ ಏಕೆ ಒಂದು ಕೊಯ್ಲು ತಂಡವನ್ನು ಕಟ್ಟಬಾರದು? ಈಗ ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಅವುಗಳ ಬೆಲೆ ಒಬ್ಬ ಸಣ್ಣ ಹಿಡುವಳಿದಾರನಿಗೆ ಭಾರ, ಸಂಘಕ್ಕೆ ಭಾರವಲ್ಲ. ನಾಲ್ಕು ದೋಟಿ, ತರಬೇತಿ ಪಡೆದ ನಾಲ್ವರು ಹುಡುಗರು, ಎರಡು ಎಕರೆಗಿಂತ ಕಡಿಮೆ ತೋಟವಿರುವ ಸದಸ್ಯರಿಗೆ ಮೊದಲ ಆದ್ಯತೆ, ಕೂಲಿಯನ್ನು ಅಡಿಕೆ ಮಾರಾಟದ ಹಣದಲ್ಲಿ ಮುರಿದುಕೊಳ್ಳುವುದು, ಇಷ್ಟಾದರೆ ಆರಂಭಕ್ಕೆ ಸಾಕು. ಸರದಿ ಯಾರದು ಮೊದಲು ಎಂಬ ಜಗಳ ಬಂದೇ ಬರುತ್ತದೆ. ಅದಕ್ಕೆ ಎಲ್ಲರ ಎದುರಿಗೆ ಚೀಟಿ ಎತ್ತೋಣ. ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ. ಒಪ್ಪುವವರು ತಾವೂ ಒಂದು ಪತ್ರ ಬರೆಯಿರಿ.