ಮೀಟರಿನಿಂದ ಈಚೆಗಿನದು ನಮ್ಮದು

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ,
ನವದೆಹಲಿ

ವಿಷಯ: ಮನೆಯೊಳಗೆ ಸ್ವಂತ ರೂಟರ್ ಬಳಸಲು ಅಡ್ಡಿಯಾಗುತ್ತಿರುವ ಕಂಪನಿ ಪೆಟ್ಟಿಗೆಯ ಕುರಿತು

ಮಾನ್ಯರೇ,

ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಬಿಡಿ ಗ್ರಾಹಕರ ದೂರುಗಳನ್ನು ಪ್ರಾಧಿಕಾರ ನೇರವಾಗಿ ವಿಚಾರಿಸುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ನನ್ನ ಮನೆಯ ನೆಟ್ ಸರಿ ಮಾಡಿಸಿಕೊಡಿ ಎಂದು ಕೇಳುತ್ತಿಲ್ಲ. ಒಂದು ನಿಯಮ ಬೇಕು ಎಂದು ಕೇಳುತ್ತಿದ್ದೇನೆ. ನನ್ನ ಹಾಗೆ ಒದ್ದಾಡುತ್ತಿರುವವರೂ ಓದಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ನಮ್ಮದು ಅಜ್ಜನ ಕಾಲದ ಮನೆ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳು. ಮುಂದೆ ಜಗಲಿ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಅದರಾಚೆ ಕೊಟ್ಟಿಗೆ, ಮೇಲೆ ಮೆತ್ತು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸ ಹೊತ್ತುಕೊಂಡು ಮಗಳು ಊರಿಗೆ ಬಂದಾಗ ಇಲ್ಲಿ ಸಿಗ್ನಲ್ ಇರಲಿಲ್ಲ. ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಅಡಿಕೆ ಸೋಗೆ ಹೊದೆಸಿದ ಚಪ್ಪರ ಕಟ್ಟಿಕೊಟ್ಟೆ. ಮಳೆಗಾಲದಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಜಿಗಣೆ ಕೊಡವಿಕೊಳ್ಳುತ್ತಾ ಅವಳು ಅಲ್ಲಿ ಕುಳಿತು ಕೆಲಸ ಮಾಡಿದಳು. ಹೀಗಾಗಿ ಕಂಬದಿಂದ ಕಂಬಕ್ಕೆ ಫೈಬರ್ ತಂತಿ ಬಂದು ನಮ್ಮ ಜಗಲಿ ಮುಟ್ಟಿದ ದಿನ ಪಾಯಸ ಮಾಡಿದ್ದೆವು. ತಂತಿ ಎಳೆದವರ ಶ್ರಮದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಕಾಡಿನಲ್ಲಿ ಮರ ಬಿದ್ದು ತಂತಿ ಹರಿದರೆ ಮರುದಿನವೇ ಬಂದು ಜೋಡಿಸುತ್ತಾರೆ.

ತಂತಿಯ ತುದಿಗೆ ಅವರೊಂದು ಬಿಳಿ ಪೆಟ್ಟಿಗೆ ಕೂರಿಸಿದರು. 1,500 ರೂಪಾಯಿ ಠೇವಣಿ. ಜಾಗ ಜಗಲಿಯ ಗೋಡೆ, ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರಿನ ಪಕ್ಕ. ಅದರ ವೈಫೈ ನಡುಮನೆಯ ಗೋಡೆ ದಾಟಲಿಲ್ಲ. ಮಣ್ಣಿನ ಗೋಡೆಯ ಮುಂದೆ ಯಾವ ಪೆಟ್ಟಿಗೆಯ ಆಟವೂ ನಡೆಯದು. ಅದು ಕಂಪನಿಯ ತಪ್ಪಲ್ಲ. ಹುಬ್ಬಳ್ಳಿಗೆ ಹೋಗಿ ಒಳ್ಳೆಯ ರೂಟರ್ ತಂದೆ. ಅಟ್ಟದ ಮೇಲಿಂದ ತಂತಿ ಎಳೆದು ಅದನ್ನು ಮೆತ್ತಿನ ಮೇಲೆ, ಮಗಳ ಮೇಜಿನ ಹತ್ತಿರ ಇಟ್ಟೆ. ಅಲ್ಲಿಂದ ಶುರುವಾಯಿತು ನೋಡಿ ತೊಂದರೆ.

ಜಗಲಿಯ ಆ ಪೆಟ್ಟಿಗೆ ಮೂರು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಮೊದಲನೆಯದು. ನಮ್ಮ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಲಾಗಿನ್ ಆಗುವುದು ಎರಡನೆಯದು. ಮನೆಯ ಫೋನು, ಲ್ಯಾಪ್‌ಟಾಪು, ಟಿವಿಗಳಿಗೆ ಒಳವಿಳಾಸ ಹಂಚಿ, ವೈಫೈ ಬಿತ್ತರಿಸಿ, ಅವೆಲ್ಲವನ್ನೂ ಹೊರಗಿನ ಒಂದೇ ವಿಳಾಸಕ್ಕೆ ಬದಲಿಸಿ ಕಳಿಸುವುದು ಮೂರನೆಯದು. ಹೀಗೆ ಬದಲಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ. ಎರಡನೆಯ ಮತ್ತು ಮೂರನೆಯ ಕೆಲಸವನ್ನು ನಾನು ಕೊಂಡ ರೂಟರ್ ಇನ್ನೂ ಚೆನ್ನಾಗಿ ಮಾಡಬಲ್ಲದು. ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಅದು ಬೆಳಕಿನ ಕೆಲಸ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ನನ್ನ ರೂಟರಿಗೆ ಬಿಟ್ಟುಕೊಡುತ್ತದೆ. ಆ ಸೌಲಭ್ಯ ಪೆಟ್ಟಿಗೆಯೊಳಗೇ ಇದೆ. ಅದನ್ನು ತೆರೆಯುವ ಪಾಸ್‌ವರ್ಡ್ ಮಾತ್ರ ನನ್ನ ಹತ್ತಿರ ಇಲ್ಲ, ಕಂಪನಿ ಕೊಡುವುದಿಲ್ಲ.

ಹೀಗಾಗಿ ನನ್ನ ರೂಟರ್ ಅವರ ರೂಟರಿನ ಬೆನ್ನಿಗೆ ನಿಂತಿದೆ. ಎರಡಕ್ಕೂ ಕಾರ್ಖಾನೆಯಿಂದಲೇ ಬಂದ ವಿಳಾಸ 192.168.1.1. ಮೊದಲ ದಿನ ಇಡೀ ಮನೆಗೆ ನೆಟ್ ಇಲ್ಲ, ನನ್ನದನ್ನು 192.168.50.1 ಎಂದು ಬದಲಿಸಿದ ಮೇಲೆ ಜೀವ ಬಂತು. ಆಮೇಲೆ ಮಗಳ ಕಚೇರಿಯ ವಿಪಿಎನ್ ಕಡಿಯತೊಡಗಿತು. ನ್ಯಾಟ್ ಮಾಡುವ ಪೆಟ್ಟಿಗೆ ತನ್ನ ಮೂಲಕ ಹೋದ ಪ್ರತಿ ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತು ಸದ್ದಿಲ್ಲದ ಸಂಪರ್ಕವನ್ನು ಮುಗಿಯಿತೆಂದು ತಿಳಿದು ಪಟ್ಟಿಯಿಂದ ಹೊಡೆದುಹಾಕುತ್ತದೆ. ಆ ಅವಧಿಯನ್ನು ನನ್ನ ರೂಟರಿನಲ್ಲಿ ನಾನು ಹೆಚ್ಚಿಸಬಲ್ಲೆ. ಜಗಲಿಯ ಪೆಟ್ಟಿಗೆಯಲ್ಲಿ ಹೆಚ್ಚಿಸುವ ದಾರಿಯಿಲ್ಲ. ಮೀಟಿಂಗ್ ನಡುವೆ ಸಂಪರ್ಕ ತಪ್ಪಿ ಅವಳು ಮತ್ತೆ ಲಾಗಿನ್ ಆಗುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತದೆ. ಹಳ್ಳಿಯಲ್ಲಿ ಕೂತು ಕೆಲಸ ಮಾಡುವವರು ಇಂಥ ಒಂದೊಂದು ಕಡಿತಕ್ಕೂ ಕಚೇರಿಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಬೆಂಗಳೂರಿಗೆ ವಾಪಸು ಬಾ ಎಂಬ ಮಾತು ಯಾವಾಗಲೂ ತಲೆಯ ಮೇಲೆ ತೂಗುತ್ತಿರುತ್ತದೆ.

ಇನ್ನೊಂದು, ಅಂಗಳದ ಕ್ಯಾಮೆರಾ. ಸುಗ್ಗಿಯಲ್ಲಿ ಅಂಗಳದ ತುಂಬ ಚಾಲಿ ಅಡಿಕೆ ಒಣಗಲು ಹಾಕಿರುತ್ತೇವೆ. ಒಣ ಅಡಿಕೆ ಕಳವು ನಮ್ಮ ಕಡೆ ಹೊಸ ಸುದ್ದಿಯಲ್ಲ. ಆ ಕ್ಯಾಮೆರಾದ ಚಿತ್ರ ಯಾವುದೋ ದೇಶದ ಸರ್ವರಿಗೆ ಹೋಗಿ ಬರುವುದು ನನಗೆ ಬೇಡ. ನನ್ನ ಮನೆಯ ರೆಕಾರ್ಡರಿಗೆ ಹೊರಗಿನಿಂದ ನಾನೇ ನೇರ ಹೋಗಿ ನೋಡಬೇಕು. ಅದಕ್ಕೆ ಹೊರಗಿನಿಂದ ಒಳಬರುವ ದಾರಿ ಬೇಕು. ಅಲ್ಲಿ ಅಡ್ಡ ನಿಂತಿರುವುದು ಎರಡಲ್ಲ, ಮೂರು ನ್ಯಾಟ್: ನನ್ನದು, ಪೆಟ್ಟಿಗೆಯದು, ಅದರಾಚೆ ಕಂಪನಿಯ ಕೇಂದ್ರದ್ದು. ಮೂರನೆಯದಕ್ಕೆ ನಾನು ತಕರಾರು ಮಾಡುವುದಿಲ್ಲ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ; ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಹಲವು ಗ್ರಾಹಕರು ಒಂದೇ ವಿಳಾಸ ಹಂಚಿಕೊಳ್ಳಲೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಸೇವಾದಾರರಿಗೆ ಮೀಸಲಿಟ್ಟಿದ್ದಾರೆ. ಈ ಕೊರತೆಗೆ ಉತ್ತರವೇ ಐಪಿವಿ6. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ನನ್ನ ಮನೆಯ ತಂತಿಯಲ್ಲೂ ಐಪಿವಿ6 ಬರುತ್ತಿದೆ. ಜಗಲಿಯ ಪೆಟ್ಟಿಗೆ ಅದನ್ನು ತಾನೇ ಹಿಡಿದುಕೊಂಡಿದೆ, ಹಿಂದಿರುವ ನನ್ನ ರೂಟರಿಗೆ ಪಾಲು ಕೊಡುವುದಿಲ್ಲ.

ಇದು ನನ್ನ ಊಹೆಯಲ್ಲ. ಹನ್ನೊಂದು ದಿನ ಇದನ್ನು ಪರೀಕ್ಷಿಸಿದ್ದೇನೆ. ತಂತಿ ನೋಡಲು ಬಂದ ಹುಡುಗ, "ಮಾಸ್ತರೇ, ನನಗೆ ಗೊತ್ತಿದ್ದ ಮಟ್ಟಿಗೆ ಮಾಡಿಕೊಡ್ತೆ" ಎಂದು ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಟ್ಟ. ನನ್ನ ರೂಟರ್ ತಾನೇ ಲಾಗಿನ್ ಆಯಿತು. ಆ ಹನ್ನೊಂದು ದಿನ ಮಗಳ ವಿಪಿಎನ್ ಒಮ್ಮೆಯೂ ಕಡಿಯಲಿಲ್ಲ. ಶಿರಸಿ ಪೇಟೆಯಲ್ಲಿ ಸೊಸೈಟಿಯ ಎದುರು ನಿಂತು, ಐಪಿವಿ6 ಮೂಲಕ ನನ್ನದೇ ರೂಟರಿಗೆ ಹೋಗಿ, ಅಂಗಳದಲ್ಲಿ ಹರವಿದ ಅಡಿಕೆಯನ್ನು ಫೋನಿನಲ್ಲಿ ನೋಡಿದೆ. ಎಲ್ಲರಿಗೂ ಒಳ್ಳೆಯದಾಯಿತು ಅಂದುಕೊಂಡೆ. ಹನ್ನೆರಡನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಹಳೆಯ ಸ್ಥಿತಿಗೆ ಮರಳಿತ್ತು. ಯಾರೂ ಮನೆಗೆ ಬಂದಿರಲಿಲ್ಲ. ದೂರದಿಂದಲೇ ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸುವ ಟಿಆರ್-069 ಎಂಬ ವ್ಯವಸ್ಥೆ 2004ರಿಂದ ಇದೆ. ರಾತ್ರಿ ಕಂಪನಿಯ ಸರ್ವರ್ ತನ್ನ ಸೆಟ್ಟಿಂಗನ್ನು ಮತ್ತೆ ತುಂಬಿತ್ತು. ನನ್ನ ಮನೆಯೊಳಗೆ ಏನು ಬದಲಾಯಿತು ಎಂದು ನನಗೆ ಒಂದು ಎಸ್‌ಎಂಎಸ್ ಕೂಡ ಇಲ್ಲ. ಆ ಹುಡುಗನ ಹೆಸರು ಕಂಪನಿಯವರು ಎಷ್ಟು ಕೇಳಿದರೂ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಕಸ್ಟಮರ್ ಕೇರ್‌ಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ದೂರಿನ ಸಂಖ್ಯೆ ಬರುತ್ತದೆ, ಮರುದಿನ "ಸಮಸ್ಯೆ ಬಗೆಹರಿದಿದೆ" ಎಂಬ ಸಂದೇಶ ಬರುತ್ತದೆ. ಒಬ್ಬ ಹೆಣ್ಣುಮಗಳು ಮಾತ್ರ ಪೂರ್ತಿ ಕೇಳಿಸಿಕೊಂಡು, "ಸರ್, ಅದು ಪಾಲಿಸಿ, ನಮ್ಮ ಕೈಲಿಲ್ಲ" ಎಂದಳು. ಆ ಪಾಲಿಸಿಯನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಕಂಪನಿಯ ಮಾತಿನಲ್ಲಿ ಹುರುಳಿರುವ ಒಂದು ಅಂಶವಿದೆ, ಅದನ್ನು ಮೊದಲು ಒಪ್ಪುತ್ತೇನೆ. ಒಂದೇ ಫೈಬರ್ ಎಳೆ ಬೀದಿಯ ಕಂಬದಲ್ಲಿ ಕವಲೊಡೆದು ಹತ್ತಾರು ಮನೆಗಳಿಗೆ ಹೋಗುತ್ತದೆ. ಪ್ರತಿ ಮನೆಯ ಪೆಟ್ಟಿಗೆಯೂ ತನಗೆ ಕೊಟ್ಟ ಕ್ಷಣದಲ್ಲಿ ಮಾತ್ರ ಬೆಳಕು ಕಳಿಸಬೇಕು. ಒಂದು ಪೆಟ್ಟಿಗೆ ಹೊತ್ತುಗೊತ್ತಿಲ್ಲದೆ ಬೆಳಕು ಬಿಟ್ಟರೆ ಊರಿನ ನೆಟ್ಟೇ ಕೆಡುತ್ತದೆ. ಆದ್ದರಿಂದ ಬೆಳಕಿನ ಪೆಟ್ಟಿಗೆ ಅವರದೇ ಇರಲಿ. ಅದಕ್ಕೆ ಬೀಗವೂ ಇರಲಿ. ಹೆಸ್ಕಾಂ ಮೀಟರಿಗೆ ಸೀಲ್ ಹಾಕುತ್ತದೆ. ಅದನ್ನು ಮುಟ್ಟುವ ಅಧಿಕಾರ ನನಗಿಲ್ಲ, ಬೇಕಾಗಿಯೂ ಇಲ್ಲ. ಆದರೆ ಮೀಟರಿನಿಂದ ಈಚೆ ಯಾವ ಸ್ವಿಚ್ಚು, ಯಾವ ಫ್ಯಾನು, ಯಾವ ಮಿಕ್ಸಿ ಎಂದು ಹೆಸ್ಕಾಂ ಕೇಳುವುದಿಲ್ಲ. ರಾತ್ರಿ ಬಂದು ನನ್ನ ನಡುಮನೆಯ ವೈರಿಂಗ್ ಬದಲಿಸಿ ಹೋಗುವುದಿಲ್ಲ. ಜಗಲಿಯ ಗೋಡೆಯ ಮೇಲೆ ಒಂದೇ ಅಡಿ ಅಂತರದಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದಕ್ಕೆ ಗಡಿ ಗೊತ್ತಿದೆ, ಇನ್ನೊಂದಕ್ಕೆ ಗಡಿ ಹಾಕಿದವರಿಲ್ಲ. ನನ್ನ ಬೇಡಿಕೆ ಇಷ್ಟರಲ್ಲೇ ಇದೆ.

ಸುರಕ್ಷತೆಗಾಗಿ ಬೀಗ ಹಾಕಿದ್ದೇವೆ ಎನ್ನುವುದು ಅವರ ಮತ್ತೊಂದು ವಾದ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂ ಕಂಪನಿಯ ಸುಮಾರು 9 ಲಕ್ಷ ಗ್ರಾಹಕರ ರೂಟರುಗಳು ಕೆಟ್ಟು ನಿಂತವು. ದಾಳಿಕೋರರು ಗುರಿಯಿಟ್ಟದ್ದು ಇದೇ ದೂರನಿಯಂತ್ರಣಕ್ಕೆಂದು ತೆರೆದಿಟ್ಟ 7547ನೇ ಪೋರ್ಟನ್ನು. ಕಂಪನಿ ಕೊಟ್ಟ ಪೆಟ್ಟಿಗೆಯಾದ ಮಾತ್ರಕ್ಕೆ ಅದು ಭದ್ರವಲ್ಲ. ಲಕ್ಷಾಂತರ ಮನೆಗಳಲ್ಲಿ ಒಂದೇ ಬಗೆಯ ಪೆಟ್ಟಿಗೆಯಿದ್ದರೆ ಒಂದು ಬಿರುಕು ಎಲ್ಲ ಮನೆಗಳ ಬಿರುಕಾಗುತ್ತದೆ. ನನ್ನ ರೂಟರಿಗೆ ಅದರ ತಯಾರಕರು ಅಪ್‌ಡೇಟ್ ಕೊಟ್ಟಾಗಲೆಲ್ಲ ನಾನು ಹಾಕಿಕೊಳ್ಳುತ್ತೇನೆ. ಜಗಲಿಯ ಪೆಟ್ಟಿಗೆಗೆ ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ ಎಂದು ನೋಡುವ ಪುಟಕ್ಕೂ ನನಗೆ ಪ್ರವೇಶವಿಲ್ಲ.

ಅದೇ ಜರ್ಮನಿ ಈ ವಿಷಯದಲ್ಲಿ ಕಾನೂನನ್ನೇ ಮಾಡಿದೆ. ಅಂತರ್ಜಾಲಕ್ಕೆ ಸೇರಲು ತಮಗೆ ಬೇಕಾದ ಉಪಕರಣ ಬಳಸುವ ಹಕ್ಕು ಬಳಕೆದಾರರದು ಎಂದು ಐರೋಪ್ಯ ಒಕ್ಕೂಟದ 2015ರ ನಿಯಮಾವಳಿ ಹೇಳುತ್ತದೆ. 2016ರ ಆಗಸ್ಟ್ 1ರಿಂದ ಜರ್ಮನಿಯಲ್ಲಿ ಗ್ರಾಹಕರು ತಮ್ಮ ಆಯ್ಕೆಯ ಮೋಡೆಮ್, ರೂಟರ್ ಹಾಕಿಕೊಳ್ಳಬಹುದು; ಲಾಗಿನ್ ವಿವರ ಕೊಡುವುದು ಕಂಪನಿಯ ಕರ್ತವ್ಯ. ನಾನು ಅಷ್ಟೂ ಕೇಳುತ್ತಿಲ್ಲ. ಬೆಳಕಿನ ಪೆಟ್ಟಿಗೆಯನ್ನು ಕಂಪನಿಗೇ ಬಿಟ್ಟಿದ್ದೇನೆ.

ನಮ್ಮಲ್ಲಿಯೂ ಇದು ಹೊಸ ವಿಚಾರವಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಫೋನ್ ಎಂದರೆ ಇಲಾಖೆ ಕೊಟ್ಟ ಕಪ್ಪು ಫೋನು. ಆಮೇಲೆ ಅಂಗಡಿಯಿಂದ ಬೇಕಾದ ಫೋನ್ ತಂದು ಅದೇ ತಂತಿಗೆ ಸಿಕ್ಕಿಸಿಕೊಂಡೆವು. ಎಕ್ಸ್‌ಚೇಂಜಿಗೆ ಏನೂ ಆಗಲಿಲ್ಲ. ಮೊಬೈಲ್ ಸಂಖ್ಯೆ ಕಂಪನಿಯದು ಎಂದುಕೊಂಡಿದ್ದವರಿಗೆ, 2011ರ ಜನವರಿ 20ರಿಂದ ದೇಶಾದ್ಯಂತ ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸಬಹುದು ಎಂದು ಮಾಡಿಕೊಟ್ಟದ್ದು ನಿಮ್ಮ ಪ್ರಾಧಿಕಾರವೇ. ಡಿಶ್ ಬದಲಿಸಿದರೂ ಸೆಟ್-ಟಾಪ್ ಬಾಕ್ಸ್ ಬದಲಿಸಬೇಕಾಗಿರಬಾರದು ಎಂದು 2020ರಲ್ಲಿ ಶಿಫಾರಸು ಮಾಡಿದ್ದೂ ನೀವೇ. ಹತ್ತು ಅಂಕಿಯ ಸಂಖ್ಯೆಯನ್ನು ನಮ್ಮ ಕೈಗೆ ಕೊಟ್ಟವರು ನಮ್ಮ ಮನೆಯೊಳಗಿನ ಜಾಲವನ್ನೂ ನಮ್ಮ ಕೈಗೆ ಕೊಡಬಲ್ಲಿರಿ.

ನಿಯಮ ದೊಡ್ಡದಾಗಿರಬೇಕಿಲ್ಲ. ಗ್ರಾಹಕ ಲಿಖಿತವಾಗಿ ಕೇಳಿದರೆ ಸೇವಾದಾರ ಇಷ್ಟು ದಿನಗಳೊಳಗೆ, ಹೆಚ್ಚುವರಿ ಹಣ ಕೇಳದೆ, ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಲಾಗಿನ್ ವಿವರ ಕೊಡಬೇಕು. ಒಮ್ಮೆ ಹಾಕಿದ್ದನ್ನು ದೂರದಿಂದ ಬದಲಿಸುವ ಮೊದಲು ಗ್ರಾಹಕನಿಗೆ ತಿಳಿಸಬೇಕು. ಹಾಗೆ ಹಾಕಿಸಿಕೊಂಡವರ ತಂತಿ ಕೆಟ್ಟರೆ "ನಿಮ್ಮ ರೂಟರ್ ನೋಡಿಕೊಳ್ಳಿ" ಎಂದು ಕೈಬಿಡಬಾರದು. ಬೆಳಕಿನ ಪೆಟ್ಟಿಗೆಯವರೆಗೆ ಅವರ ಹೊಣೆ, ಅಲ್ಲಿಂದ ಈಚೆಗಿನದು ನನ್ನ ಹೊಣೆ. ನನ್ನ ರೂಟರ್ ಕೆಟ್ಟ ದಿನ ಅವರಿಗೆ ಫೋನ್ ಮಾಡುವುದಿಲ್ಲ ಎಂದು ಬರೆದುಕೊಡಲು ಸಿದ್ಧನಿದ್ದೇನೆ.

ಇದನ್ನು ಓದುತ್ತಿರುವ ನನ್ನಂಥವರಿಗೆ ಒಂದು ಮಾತು. ಕಸ್ಟಮರ್ ಕೇರ್‌ನಲ್ಲಿ ದೂರು ಮುಚ್ಚಿದರೆ ಅಲ್ಲಿಗೇ ಬಿಡಬೇಡಿ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರವಿರಬೇಕು, ಮೇಲ್ಮನವಿಯನ್ನು ಅದು 39 ದಿನಗಳೊಳಗೆ ತೀರ್ಮಾನಿಸಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ದೂರಿನ ಸಂಖ್ಯೆ, ಬಂದ ಸಂದೇಶ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನಾನು ಇಟ್ಟುಕೊಂಡಿದ್ದೇನೆ, ಮೇಲ್ಮನವಿಯನ್ನೂ ಸಲ್ಲಿಸಿದ್ದೇನೆ.

ಅಧ್ಯಕ್ಷರೇ, ಯಾವುದೇ ನಿಯಮಕ್ಕೆ ಮೊದಲು ನೀವು ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೀರಿ. ಸ್ವಂತ ರೂಟರಿನ ಕುರಿತು ಅಂಥದೊಂದು ಪತ್ರವನ್ನು ದಯವಿಟ್ಟು ಹೊರಡಿಸಿ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ನಮ್ಮೂರಿನ ಮಕ್ಕಳೆಲ್ಲ ಅದಕ್ಕೆ ಉತ್ತರ ಬರೆಯುತ್ತಾರೆ. ನಾನೂ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ಮತ್ತು ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ